ಶನಿವಾರ ಸಂಜೆ ಆರೂವರೆಯ ಬೀಗರ ಊಟ

ಮನುಷ್ಯನನ್ನು ಹಳಬ ಎಂದರೆ ಸಹಿಸಿಕೊಳ್ಳಬಹುದು. ಅವನ ಸ್ಕೂಟರನ್ನು ಹಳೆಯದು ಎಂದರೂ ನಕ್ಕು ಸುಮ್ಮನಾಗಬಹುದು. ಆದರೆ ಚನ್ನಕೇಶವನ ದಿನಾಂಕವೇ ಹಳೆಯದು ಎಂದುಬಿಟ್ಟರು. ಅದನ್ನು ಅವನು ಹೇಗೆ ಸಹಿಸಿಯಾನು?

ವಿದ್ಯಾರಣ್ಯಪುರದ ಸಮುದಾಯ ಭವನಕ್ಕೆ ಚನ್ನಕೇಶವ ಮ್ಯಾನೇಜರು. ಮ್ಯಾನೇಜರು ಎಂದರೆ ಬೀಗದ ಕೈಗೂ ಅವನೇ, ಜನರೇಟರಿನ ಡೀಸೆಲ್ಲಿಗೂ ಅವನೇ, ಮದುವೆ ಮುಗಿದ ಮೇಲೆ ಕಾಣೆಯಾಗುವ ಸೌಟುಗಳಿಗೂ ಅವನೇ. 2008ರಲ್ಲಿ ಆರ್.ಟಿ. ನಗರದ ಕಂಪ್ಯೂಟರ್ ಕ್ಲಾಸಿಗೆ ಮೂರು ತಿಂಗಳು ಹೋಗಿದ್ದ. ನಾಲ್ಕನೆಯ ತಿಂಗಳು ಕ್ಲಾಸೇ ಮುಚ್ಚಿಹೋದ್ದರಿಂದ ಉಳಿದದ್ದನ್ನು ತಾನೇ ಓದಿಕೊಂಡು, ಭವನದ ಬುಕಿಂಗಿಗೆಂದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಫ್ಟ್‌ವೇರ್ ಬರೆದಿದ್ದ. ಒಂಬತ್ತು ವರ್ಷ ಅದು ಒಂದು ಮದುವೆಯನ್ನೂ ತಪ್ಪಿಸಿರಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಸಾಯುತ್ತಿತ್ತು, ಬಂದಾಗ ಬದುಕುತ್ತಿತ್ತು. ಮನುಷ್ಯರಿಂದ ಇದಕ್ಕಿಂತ ಹೆಚ್ಚು ನಿಷ್ಠೆಯನ್ನು ಯಾರು ಕಂಡಿದ್ದಾರೆ?

2017ರ ಜನವರಿ ಕೊನೆಯಲ್ಲಿ ಹಿಂದಿನ ರಸ್ತೆಯ ವಿಶ್ವನಾಥ ಭವನಕ್ಕೆ ಬಂದ. ಗದಗದ ಕಡೆಯವನು, ಹೆಬ್ಬಾಳದ ಹತ್ತಿರದ ಕಂಪನಿಯಲ್ಲಿ ಕೆಲಸ. ಫಂಕ್ಷನ್ನಿಗೆ ಬಾಡಿಗೆ ಎಷ್ಟು ಎಂದು ಕೇಳಲು ಬಂದವನಿಗೆ ಚನ್ನಕೇಶವ ಕುರ್ಚಿ ಹಾಕಿ, ಕಾಫಿ ತರಿಸಿ, ಕೇಳದಿದ್ದರೂ ತನ್ನ ಪ್ರೋಗ್ರಾಮನ್ನು ತೆರೆದು ತೋರಿಸಿದ.

ವಿಶ್ವನಾಥ ಪರದೆಯನ್ನು ನೋಡಿ ಕಾಫಿ ಲೋಟ ಕೆಳಗಿಟ್ಟ.

"ಏನ್ರೀ ಸರ, ಇನ್ನೂ ಈ ಹಳೀ ಡೇಟ್ ಇಟಗೊಂಡೀರಲ್ಲಾ! ಜಾವಾದಾಗ ದಿನಾಂಕ ಬರಿಯೂ ಹೊಸಾ ಟೈಪ್ ಬಂದು ಮೂರು ವರ್ಷ ಆತು. ಇದರಾಗ ಜನವರಿ ತಿಂಗಳನ್ನ ಸೊನ್ನಿ ಅಂತ ಎಣಸ್ತದ, ಗೊತ್ತಿಲ್ಲೇನು?"

"ಜನವರಿ ಶುರುವಲ್ಲಿ ಧನುರ್ಮಾಸ ಮುಗಿದಿರಲ್ಲ ಸಾರ್. ಶೂನ್ಯಮಾಸ. ಸೊನ್ನೆ ಅಂದ್ರೆ ತಪ್ಪೇನು?" ಎಂದ ಚನ್ನಕೇಶವ. ಬಾಯಲ್ಲಿ ಹಾಗೆ ಹೇಳಿದನಾದರೂ ಎದೆಯಲ್ಲಿ ಮುಳ್ಳು ಮುರಿದುಕೊಂಡಿತ್ತು.

ಮರುದಿನ ಮಧ್ಯಾಹ್ನದ ಊಟ ಬಿಟ್ಟು ಇಂಟರ್‌ನೆಟ್ಟಿನಲ್ಲಿ ಕೂತ. ಹಳೆಯ ದಿನಾಂಕವನ್ನು ಹೊಸ ಮಾದರಿಗೆ ತಿರುಗಿಸುವ ಹನ್ನೊಂದು ಸಾಲು ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ. ಎಲ್ಲವನ್ನೂ ಎತ್ತಿಕೊಂಡ. ನಡುವೆ ಯು.ಟಿ.ಸಿ. ಎಂಬ ಮೂರಕ್ಷರ ಇತ್ತು. ಬಿ.ಎಂ.ಟಿ.ಸಿ. ಬಸ್ಸಿಗೆ ಏನೋ ಸಂಬಂಧ ಇರಬೇಕು, ನಮಗೇಕೆ ಎಂದು ಮುಟ್ಟದೆ ಬಿಟ್ಟ. ಗುಂಡಿ ಒತ್ತಿದ. ನಲವತ್ಮೂರು ಹಳೆಯ ಬುಕಿಂಗ್ ಗಪಗಪನೆ ಹೊಸ ಬಟ್ಟೆ ತೊಟ್ಟು ನಿಂತವು.

ನಿಂತವೇನೋ ಸರಿ, ಆದರೆ ಪ್ರತಿಯೊಂದೂ ಒಂದು ದಿನ ಹಿಂದಕ್ಕೆ ನಿಂತಿತ್ತು. ಸಾಲದ್ದಕ್ಕೆ ಹೊತ್ತು ಬೇರೆ. ಎಂಟನೆಯ ತಾರೀಖಿನ ಮದುವೆ ಏಳನೆಯ ತಾರೀಖು ಸಂಜೆ ಆರೂವರೆ ಎಂದಿತ್ತು. ಹದಿನೈದರ ಉಪನಯನ ಹದಿನಾಲ್ಕರ ಸಂಜೆ ಆರೂವರೆ. ಆರು ಗಂಟೆಯಲ್ಲ, ಏಳೂ ಅಲ್ಲ. ನಲವತ್ಮೂರಕ್ಕೂ ಆರೂವರೆ!

ಚನ್ನಕೇಶವನಿಗೆ ಭಯವಾಗಲಿಲ್ಲ, ಕುತೂಹಲವಾಯಿತು. ಅವನ ಕಷ್ಟಗಳೆಲ್ಲ ಈ ಗುಣದಿಂದಲೇ ಹುಟ್ಟುತ್ತಿದ್ದವು. ಆರೂವರೆಯೇ ಏಕೆ? ತಾನಂತೂ ಎಲ್ಲಿಯೂ ಆರೂವರೆ ಎಂದು ಬರೆದಿಲ್ಲ. ಕಸ ಗುಡಿಸುತ್ತಿದ್ದ ಪಟಾಲಮ್ಮನನ್ನು ಕರೆದು ಕೇಳಿದ.

"ಸೀರಿಯಲ್ ಟೈಮು ಕೇಶವಣ್ಣ. ನಮ್ಮನೇಲಿ ಆರೂವರೆಗೇ ಟೀವಿ ಆಕೋದು," ಎಂದಳು ಅವಳು, ಪೊರಕೆ ನಿಲ್ಲಿಸದೆ.

ಅಷ್ಟರಲ್ಲಿ ಭವನದ ಅಧ್ಯಕ್ಷರು ಮುನಿಕೃಷ್ಣಪ್ಪನವರು ಬಂದರು. ಕಂಪ್ಯೂಟರಿನಲ್ಲಿ ಅವರಿಗೆ ಗೊತ್ತಿದ್ದದ್ದು ಅದರ ಮೇಲೆ ಹೊದಿಸುವ ಬಟ್ಟೆ ಮಾತ್ರ. ಆದರೂ ಕನ್ನಡಕ ಏರಿಸಿ ಪರದೆಯನ್ನು ಮೇಲಿಂದ ಕೆಳಕ್ಕೆ ಓದಿದರು. ಮುಖ ಅರಳಿತು.

"ಅಯ್ಯೋ ಮಂಕೇ! ರಿಸೆಪ್ಷನ್ ಟೈಮ್ ಕಣಯ್ಯಾ ಇದು. ಮದ್ವೆ ಎಂಟನೇ ತಾರೀಖು ಅಂದ್ರೆ ನಾವು ಹಾಲ್ ಬಿಟ್ಕೊಡೋದು ಯಾವಾಗ? ಏಳನೇ ತಾರೀಖು ಸಾಯಂಕಾಲ ತಾನೆ? ಒಂಬತ್ತು ವರ್ಷ ನಮ್ ಜೊತೆ ಇದ್ದು ಇದ್ದು ಕಂಪ್ಯೂಟರ್ ಪದ್ಧತಿ ಕಲ್ತುಬಿಟ್ಟಿದೆ!"

ಚನ್ನಕೇಶವನಿಗೆ ಕಣ್ಣು ತುಂಬಿ ಬಂತು. ಹೌದಲ್ಲ! ಹೊಸ ಮಾದರಿ ಎಂದರೆ ಸುಮ್ಮನೆಯೇ? ಇಂಥ ಸೂಕ್ಷ್ಮ ಹಳೆಯದಕ್ಕೆ ಎಲ್ಲಿಂದ ಬರಬೇಕು? ಅಧ್ಯಕ್ಷರು ಅಲ್ಲೇ ನಿಂತು ಯಲಹಂಕದ ಇನ್ನೊಂದು ಭವನದ ಅಧ್ಯಕ್ಷರಿಗೆ ಫೋನು ಮಾಡಿ, "ನಿಮ್ ಕಂಪ್ಯೂಟರ್‌ಗೆ ರಿಸೆಪ್ಷನ್ ಗೊತ್ತೇನ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟರು. ಬುಕಿಂಗ್ ಬರೆಯುತ್ತಿದ್ದ ದಪ್ಪ ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಿಸಿದರು.

ಆ ಉತ್ಸಾಹದಲ್ಲೇ ಚನ್ನಕೇಶವ, ಬುಕ್ ಮಾಡಿದವರಿಗೆಲ್ಲ ಕಂಪ್ಯೂಟರಿನಿಂದಲೇ ಮೆಸೇಜ್ ಕಳಿಸಿದ. ನಲವತ್ಮೂರು ಮನೆಗಳಲ್ಲಿ ಮೊಬೈಲು ಕುಂಯ್ ಎಂದಿತು. ಅದರಲ್ಲೊಂದು ಮನೆ ಬ್ಯಾಟರಾಯನಪುರದ್ದು. ಸ್ವಂತ ಅತ್ತೆಯದು.

ಅತ್ತೆ ಅಂಜನಮ್ಮನವರ ಕಿರಿಮಗ ಮುನೇಶನಿಗೆ ಪುಟ್ಟೇನಹಳ್ಳಿಯ ಹುಡುಗಿ ಗೊತ್ತಾಗಿತ್ತು. ಮದುವೆಯ ವಾರದಲ್ಲೇ, ಭಾನುವಾರ ಮಧ್ಯಾಹ್ನ ಈ ಭವನದಲ್ಲಿ ಬೀಗರ ಊಟ. ಹೆಣ್ಣಿನ ಕಡೆಯವರನ್ನು ಕರೆದು ಕೂರಿಸಿ, ಕುರಿ ಕಡಿದು, ಮುದ್ದೆ ಬಡಿಸಿ, ಇನ್ನು ಸಾಕು ಎಂದವರ ಎಲೆಗೂ ಇನ್ನೊಂದು ಸೌಟು ಸುರಿದು ಗೌರವಿಸುವ ಊಟ. ಅದರಲ್ಲಿ ಒಂದು ಕೂದಲೆಳೆಯಷ್ಟು ಕೊರತೆಯಾದರೂ ಸೊಸೆಯ ತವರಿನವರು ಮೊಮ್ಮಕ್ಕಳ ಮದುವೆಯ ತನಕ ನೆನಪಿಟ್ಟು ಆಡುತ್ತಾರೆ.

ಅರ್ಧ ಗಂಟೆಯಲ್ಲಿ ಅಂಜನಮ್ಮ ಆಟೋದಿಂದ ಇಳಿದರು. ಹಿಂದೆ ಚನ್ನಕೇಶವನ ಹೆಂಡತಿ ರಾಧಾಮಣಿ.

"ಏನ್ ಅಳಿಯಂದ್ರೇ ಇದು? ಶನಿವಾರ ಸಂಜೆ ಆರೂವರೆ ಅಂತ ಬಂದೈತೆ! ಶನಿವಾರ ಯಾರಾದ್ರೂ ಕುರಿ ಕುಯ್ತಾರಾ? ಎಂಕಟರಮಣನ ಒಕ್ಕಲು ನಾವು. ಬೀಗ್ರು ಏನಂದ್ಕಂಡಾರು?"

"ಅತ್ತೆ, ಕೂತ್ಕೊಳಿ. ಅದು ಊಟದ ಟೈಮಲ್ಲ. ಬೀಗದ ಕೈ ಕೊಡೋ ಟೈಮು. ಹೊಸ ಮಾದರಿ ಅತ್ತೆ, ಪದ್ಧತಿ ಕಲ್ತಿದೆ."

ಅಂಜನಮ್ಮ ಕಂಪ್ಯೂಟರನ್ನು ಅನುಮಾನದಿಂದ ನೋಡಿದರು. "ಅಂಗಾ? ಸರಿ, ಅಂಗಾದ್ರೆ ಈರುಳ್ಳಿ ಮುಂಚಿನ ದಿನಾನೇ ತಂದು ಸುಲ್ಕೋಬೋದು," ಎಂದು ಎದ್ದರು. ರಾಧಾಮಣಿ ಏನೋ ಹೇಳಲು ಬಾಯಿ ತೆರೆದವಳು, ಆಟೋ ಮೀಟರು ಓಡುತ್ತಿದ್ದುದು ನೆನಪಾಗಿ ಅಮ್ಮನ ಹಿಂದೆ ಓಡಿದಳು. ಆ ಮಾತನ್ನು ಆಗಲೇ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮದುವೆಯ ವಾರ ಚನ್ನಕೇಶವ ರಜೆ ಹಾಕಿದ. ಅಧ್ಯಕ್ಷರೇ ಕುರ್ಚಿಯಲ್ಲಿ ಕೂತರು. ಮಂಗಳವಾರ ವಿಶ್ವನಾಥ ಮತ್ತೆ ಬಂದ. ಮಗಳಿಗೆ ವರ್ಷ ತುಂಬುತ್ತಿತ್ತು, ತಾಯಿ ರತ್ನಕ್ಕ ಗದಗದಿಂದ ಬಂದಿದ್ದರು, ಸತ್ಯನಾರಾಯಣ ಪೂಜೆ ಮಾಡಿಸಬೇಕು, ಬಾಡಿಗೆ ಮನೆಯಲ್ಲಿ ಜಾಗ ಸಾಲದು.

"ಶನಿವಾರ ಸಂಜಿ ಹಾಲ್ ಬೇಕಾಗಿತ್ರಿ."

ಅಧ್ಯಕ್ಷರು ಪರದೆ ನೋಡಿದರು. ಆರೂವರೆ ಎಂದರೆ ಮರುದಿನದ ಫಂಕ್ಷನ್ನಿನ ಹಿಂದಿನ ಸಂಜೆ ಎಂದು ತಾವೇ ಹೇಳಿದ್ದು ಅವರಿಗೆ ಮರೆತೇಹೋಗಿತ್ತು. "ಶನಿವಾರ ಸಂಜೆ ಆರೂವರೆಯಿಂದ ಬುಕ್ ಆಗಿದೆಯಲ್ಲಪ್ಪಾ. ಭಾನುವಾರ ನೋಡು, ಪೂರ್ತಿ ಖಾಲಿ."

"ಖರೇನ ಖಾಲಿ ಐತೇನ್ರೀ?"

"ಕಂಪ್ಯೂಟರ್ ಹೇಳಿದ ಮೇಲೆ ಮುಗೀತು. ನಮ್ದು ಹೊಸಾ ಟೈಪು."

ಹೊಸ ಟೈಪು ಎಂಬ ಮಾತು ಕೇಳಿ ವಿಶ್ವನಾಥನಿಗೂ ಹೆಮ್ಮೆಯಾಯಿತು. ತಾನು ಕೊಟ್ಟ ಸಲಹೆಯಲ್ಲವೇ? ಭಾನುವಾರಕ್ಕೆ ಬರೆಸಿ ಹೋದ.

ಶುಕ್ರವಾರ ಬೆಳಿಗ್ಗೆ ಚನ್ನಕೇಶವ ಕೈಯಲ್ಲಿ ಮದುವೆಯ ಕಂಕಣದ ಅರಿಶಿನ ಅಂಟಿಸಿಕೊಂಡೇ ಕೆಲಸಕ್ಕೆ ಬಂದ. ಪಟಾಲಮ್ಮ ಗೇಟಿನಲ್ಲೇ ಹಿಡಿದಳು.

"ಕೇಶವಣ್ಣ, ಭಾನುವಾರಕ್ಕೆ ಇಬ್ರು ಅಡಿಗೆಯೋರು ಬಂದವ್ರೆ. ಒಬ್ರು ಕುರಿ ಎಲ್ ಕಟ್ಟೋದು ಅಂತಾರೆ. ಇನ್ನೊಬ್ರು ಬಾಳೆಕಂಬ ಎಲ್ ಕಟ್ಟೋದು ಅಂತಾರೆ. ನಾನು ಇಬ್ರಿಗೂ ಒಂದೇ ಕಂಬ ತೋರ್ಸಿವ್ನಿ."

ಚನ್ನಕೇಶವನ ಕಾಲಿನ ಕೆಳಗಿನ ಭವನ ಅರ್ಧ ಅಡಿ ಜಾರಿತು. ಒಳಗೆ ಹೋಗಿ ನೋಡಿದರೆ ಸತ್ಯವಾಗಿಯೂ ಇಬ್ಬರು ಅಡಿಗೆಯವರು ಒಂದೇ ಒಲೆಯ ಎರಡು ಪಕ್ಕ ನಿಂತು ಒಬ್ಬರನ್ನೊಬ್ಬರು ಅಳೆಯುತ್ತಿದ್ದರು. ಒಬ್ಬರ ಕೈಯಲ್ಲಿ ಮಸಾಲೆಯ ಪಟ್ಟಿ, ಇನ್ನೊಬ್ಬರ ಕೈಯಲ್ಲಿ ತುಳಸಿಯ ಪಟ್ಟಿ.

ಹತ್ತು ಗಂಟೆಗೆ ಭವನದ ಆಫೀಸಿನಲ್ಲಿ ಎಲ್ಲರೂ ಸೇರಿದರು. ಅಂಜನಮ್ಮ ಒಂದು ಕಡೆ, ರತ್ನಕ್ಕ ಮತ್ತು ವಿಶ್ವನಾಥ ಇನ್ನೊಂದು ಕಡೆ, ನಡುವೆ ಅಧ್ಯಕ್ಷರು. ಅಧ್ಯಕ್ಷರು ಮೊದಲು ತಮ್ಮ ನೋವು ತೋಡಿಕೊಂಡರು: "ನಾನು ಬೀಗರ ಊಟಕ್ಕೆ ಶನಿವಾರ ಸಾಯಂಕಾಲವೇ ಬರೋಣ ಅಂತ ಇಸ್ತ್ರಿ ಮಾಡಿಸಿಟ್ಟಿದ್ದೆ ಕಣಯ್ಯಾ!"

ವಿಶ್ವನಾಥ ಪ್ರೋಗ್ರಾಮು ತೆರೆದು ಹನ್ನೊಂದು ಸಾಲು ಓದಿದ. ಏಳನೆಯ ಸಾಲಿನ ಯು.ಟಿ.ಸಿ. ಮೇಲೆ ಬೆರಳಿಟ್ಟು ಹಣೆ ಬಡಿದುಕೊಂಡ.

"ಸರ, ಇದು ಇಂಗ್ಲಂಡದ ಗಡಿಯಾರ ರೀ. ಹಳೀ ಡೇಟ್ ಅನ್ನೂದು ಹೆಸರಿಗಷ್ಟ ದಿನ, ಒಳಗ ಅದು ಬರೇ ಒಂದು ಕ್ಷಣ. ನೀವು ಭಾನುವಾರ ಅಂತ ಒತ್ತಿದ್ರೆ ಅದು ನಮ್ಮ ಭಾನುವಾರ ಶುರುವಾಗೋ ಕ್ಷಣ ಬರಕೋತದ. ನಮಗ ನಡುರಾತ್ರಿ ಭಾನುವಾರ ಹುಟ್ಟೂ ಹೊತ್ತಿಗೆ ಅಲ್ಲಿ ಎಷ್ಟು ಗಂಟಿ? ನಮಗಿಂತ ಐದೂವರಿ ತಾಸು ಹಿಂದ. ಅಂದ್ರ ಶನಿವಾರ ಸಂಜಿ ಆರೂವರಿ! ತಿರುಗ್ಸೂ ಮುಂದ ಯಾವ ಊರಿನ ಗಡಿಯಾರ ಅಂತ ಹೇಳಬೇಕಿತ್ತು, ನೀವು ಅವರದನ್ನ ಹೇಳೀರಿ."

ಹದಿನೈದು ದಿನದಿಂದ ಕೊರೆಯುತ್ತಿದ್ದ ಆರೂವರೆ ಚನ್ನಕೇಶವನ ತಲೆಯೊಳಗೆ ಟಕ್ಕನೆ ಜಾಗಕ್ಕೆ ಕೂತಿತು. ಮಾನ ಹೋಗುತ್ತಿದ್ದ ಆ ಗಳಿಗೆಯಲ್ಲೂ ಅವನಿಗೆ ಆನಂದವಾಯಿತು. "ಓಹೋ! ಹಾಗಾದ್ರೆ ನಿಮ್ಮ ಹೊಸ ಬುಕಿಂಗು ಸರಿಯಾಗಿ ಭಾನುವಾರಕ್ಕೇ ಬಂದಿದ್ದು..."

"ಹೊಸಾದ್ರಾಗ ಬರೇ ದಿನ ಇರ್ತದ, ಗಡಿಯಾರನ ಇಲ್ಲ. ಅದು ಎಲ್ಲಿಗೂ ಜಾರಂಗಿಲ್ಲ. ತಿರುಗಿಸಿದ ಹಳೇವು ಮಾತ್ರ ತಮ್ಮ ಗಡಿಯಾರಾನೂ ಹೊತಗೊಂಡು ಬಂದು ಜಾರ್ಯಾವ. ಹಿಂಗಾಗಿ ನಿಮ್ಮ ಭಾನುವಾರ ಖಾಲಿ ಕಾಣ್ತು."

ಅಂಜನಮ್ಮ ಇಷ್ಟು ಹೊತ್ತು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದವರು ಬಾಯಿಬಿಟ್ಟರು. "ಅಷ್ಟೇನಾ? ಅಬ್ಬ ಅನ್ನೋದು ದಿನ, ಮೂರ್ತ ಅನ್ನೋದು ಗಳಿಗೆ. ಯುಗಾದಿ ಎಷ್ಟು ಗಂಟೆಗೆ ಅಂತ ಯಾರಾದ್ರೂ ಕೇಳ್ತಾರಾ? ನಮ್ಮ ಅಳಿಯಂದ್ರು ದಿನಾನ ಗಳಿಗೆ ಮಾಡಿ ಮಡಗವ್ರೆ, ಅದು ಜಾರೈತೆ."

ವಿಶ್ವನಾಥ ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡಿದ. "ಅಮ್ಮಾರ, ಇದನ್ನ ಹೇಳಾಕ ನಮ್ಮ ಕಂಪನ್ಯಾಗ ಎರಡು ದಿನ ಟ್ರೇನಿಂಗ್ ಕೊಟ್ರು!"

ಜಗಳ ಆಗಲೇ ಇಲ್ಲ. ರತ್ನಕ್ಕನಿಗೆ ಮೊದಲಿನಿಂದಲೂ ಬೇಕಿದ್ದದ್ದು ಶನಿವಾರದ ಸಂಜೆಯೇ. ಆ ಸಂಜೆ ನಿಜವಾಗಿ ಖಾಲಿ. ಅಂಜನಮ್ಮ ಈರುಳ್ಳಿಯನ್ನು ಮನೆಯಲ್ಲೇ ಸುಲಿಯುತ್ತೇನೆ ಎಂದರು. ಪೂಜೆ ಶನಿವಾರ, ಕುರಿ ಭಾನುವಾರ. ಬಾಳೆಕಂಬ ಬಿಚ್ಚಿ ಕುರಿ ಕಟ್ಟುವುದಕ್ಕೆ ಪಟಾಲಮ್ಮನ ಕಂಬವೂ ಸಾಕಾಯಿತು.

ಚನ್ನಕೇಶವ ಪ್ರೋಗ್ರಾಮು ತಿದ್ದಲು ಕೂತ. ಇಂಗ್ಲೆಂಡು ಅಳಿಸಿ ನಮ್ಮ ಊರು ಬರೆಯಬೇಕು. ಅಧ್ಯಕ್ಷರು ಬೆನ್ನ ಹಿಂದೆ ನಿಂತು, "ಏಷ್ಯಾ, ಯಲಹಂಕ ಅಂತ ಹಾಕು" ಎಂದರು. ಹಾಕಿದ. ಕಂಪ್ಯೂಟರು ಕೆಂಪಾಯಿತು. ಬೆಂಗಳೂರು ಎಂದು ಹಾಕಿದ. ಇನ್ನೂ ಕೆಂಪಾಯಿತು.

"ಕೊಲ್ಕತ್ತಾ ಅಂತ ಹಾಕ್ರಿ ಸರ, ಇಡೀ ಇಂಡಿಯಾಕ್ಕ ಅದರಾಗ ಇರೂದು ಅದೊಂದ ಊರು," ಎಂದ ವಿಶ್ವನಾಥ.

"ನಮ್ ವಿದ್ಯಾರಣ್ಯಪುರದ ಮದ್ವೆಗೆ ಕೊಲ್ಕತ್ತಾ ಯಾಕಪ್ಪಾ?" ಅಧ್ಯಕ್ಷರಿಗೆ ರೇಗಿಹೋಯಿತು. "ನಾನು ಲೆಟರ್ ಬರೀತೀನಿ."

ಯಾರಿಗೆ ಬರೆಯುವುದು ಎಂದು ತಿಳಿಯದ್ದರಿಂದ ಆ ಕಾಗದ ನಿಂತಿತು. ಕೊಲ್ಕತ್ತಾ ಹಾಕಿದೊಡನೆ ನಲವತ್ಮೂರು ಬುಕಿಂಗೂ ತಂತಮ್ಮ ದಿನಕ್ಕೆ ಮರಳಿದವು. ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋದರು.

ಶನಿವಾರ ಸಂಜೆ ರತ್ನಕ್ಕನ ಪೂಜೆ ಮುಗಿಯುತ್ತ ಬಂದಿತ್ತು. ಅರವತ್ತು ಜನಕ್ಕೆ ಅಡಿಗೆ. ಬಂದವರು ಹನ್ನೊಂದು ಜನ. ವಿಶ್ವನಾಥನ ಆಫೀಸಿನವರೆಲ್ಲ ಹೆಬ್ಬಾಳದ ಫ್ಲೈಓವರಿನ ಮೇಲೆ ನಿಂತಲ್ಲೇ ನಿಂತು, ಹತ್ತು ನಿಮಿಷಕ್ಕೊಮ್ಮೆ "ಇನ್ನು ಹತ್ತೇ ನಿಮಿಷ" ಎಂದು ಫೋನು ಮಾಡುತ್ತಿದ್ದರು. ಸರಿಯಾಗಿ ಆರೂವರೆಗೆ ಗೇಟಿನ ಮುಂದೆ ಎರಡು ಟೆಂಪೋ ಟ್ರಾವೆಲರ್ ನಿಂತವು. ಬಿಳಿ ಪಂಚೆ, ಜರತಾರಿ ಸೀರೆ, ತಲೆತುಂಬ ಕನಕಾಂಬರ. ಇಪ್ಪತ್ತೆಂಟು ಜನ ಇಳಿದರು. ಎಲ್ಲರ ಮುಂದೆ ಸೊಸೆಯ ತಂದೆ, ಪುಟ್ಟೇನಹಳ್ಳಿಯ ಲಕ್ಕಣ್ಣ.

ಚನ್ನಕೇಶವ ಬಾಗಿಲಿಗೆ ಬಂದು ನಿಂತ. ಪಕ್ಕದಲ್ಲಿದ್ದ ರಾಧಾಮಣಿ ಪಿಸುಗುಟ್ಟಿದಳು: "ರೀ... ಅವತ್ತು ಮೆಸೇಜ್ ಬಂತಲ್ಲ, ನಾನು ಆಗ್ಲೇ ಅದನ್ನ ಬೀಗರ ಗ್ರೂಪಿಗೆ ಹಾಕ್ಬಿಟ್ಟಿದ್ದೆ. ನಿಮ್ಗೆ ಹೇಳೋಣ ಅಂತಿದ್ದೆ, ಆಟೋ ನಿಂತಿತ್ತು."

ಲಕ್ಕಣ್ಣ ಬಾಗಿಲಿನ ಹೊಸ್ತಿಲ ಆಚೆ ನಿಂತರು. ಚಪ್ಪಲಿ ಬಿಡಲಿಲ್ಲ. ಅವರು ಬಿಡದ್ದರಿಂದ ಉಳಿದ ಇಪ್ಪತ್ತೇಳು ಜನವೂ ಬಿಡಲಿಲ್ಲ. ಒಳಗೆ ಬಾಳೆಕಂಬ, ಕಳಸ, ಮಂಗಳಾರತಿ, ಯಾರೋ ಗುರುತಿಲ್ಲದ ಮಗು.

"ಏನಪ್ಪಾ ಇದು?" ಎಂದರು ಲಕ್ಕಣ್ಣ, ಧ್ವನಿ ಏರಿಸದೆ. ಏರಿಸಿದ್ದರೆ ಚನ್ನಕೇಶವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಶನಿವಾರ ಬೀಗರ ಊಟ ಅಂತ ಮೆಸೇಜ್ ಬಂತು. ನಮ್ಮನೇಲಿ ಶನಿವಾರ ಯಾರೂ ಬಾಡು ಮುಟ್ಟಲ್ಲ. ಆದ್ರೂ ಹೆಣ್ಣು ಕೊಟ್ಟಿದೀವಿ, ಇವ್ರ ಪದ್ಧತಿ ಏನೈತೋ ನೋಡೇಬಿಡಾನ ಅಂತ ಬಂದ್ವಿ. ಇಲ್ಲಿ ನೋಡುದ್ರೆ ಇನ್ಯಾರದೋ ಪೂಜೆ! ನಮ್ಮನ್ನ ಕರೆದೋರೆಲ್ಲಿ?"

"ಮನೇಲಿ... ಈರುಳ್ಳಿ ಸುಲೀತಿದ್ದಾರೆ," ಎಂದ ಚನ್ನಕೇಶವ.

ಹಿಂದಿನಿಂದ ಒಬ್ಬ ಹೆಂಗಸು, "ಅಯ್ಯೋ, ಬೀಗ್ರು ಬಂದ್ ಮೇಲೆ ಈರುಳ್ಳಿ ಸುಲಿಯೋದಾ!" ಎಂದು ಎಲ್ಲರಿಗೂ ಕೇಳುವಂತೆ ಗುಟ್ಟಿನಲ್ಲಿ ಹೇಳಿದಳು. ಇನ್ನೊಬ್ಬರು ಟೆಂಪೋದವನಿಗೆ ಗಾಡಿ ತಿರುಗಿಸಲು ಕೈ ಮಾಡಿದರು. ಬೀಗರು ನೀರು ಮುಟ್ಟದೆ ಹೊಸ್ತಿಲಿಂದ ವಾಪಸಾದರೆ, ನಿನ್ನೆ ಮೊನ್ನೆ ಮನೆತುಂಬಿದ ಹುಡುಗಿ ಯಾವ ಮುಖ ಹೊತ್ತು ಸಂಸಾರ ಮಾಡಬೇಕು?

ಅಷ್ಟರಲ್ಲಿ ರಾಧಾಮಣಿಯ ಫೋನು ಮುಟ್ಟಿ ಅಂಜನಮ್ಮ ಆಟೋದಿಂದ ಇಳಿದರು. ಮೂವತ್ತು ಕೇಜಿ ಈರುಳ್ಳಿ ಅರ್ಧ ಮುಗಿಸಿ ಬಂದಿದ್ದರು. ಕಣ್ಣು ಕೆಂಪು, ಕೆನ್ನೆಯ ಮೇಲೆ ನೀರು ಧಾರೆ ಧಾರೆ. ಲಕ್ಕಣ್ಣ ಗಾಬರಿಯಾದರು.

"ಅಳಬ್ಯಾಡಿ ಬೀಗ್ರೇ. ನಾವೇನೂ ಅನ್ಲಿಲ್ಲ ಇನ್ನೂ."

"ಅಳ್ತಾ ಇಲ್ಲ ಬೀಗ್ರೇ, ಇದು..." ಎಂದು ಅಂಜನಮ್ಮ ಮೂಗೊರೆಸಿಕೊಂಡರು. ಅಳಿಯನತ್ತ ತಿರುಗಿದರು. ಅಧ್ಯಕ್ಷರೂ ತಿರುಗಿದರು. ಪುರೋಹಿತರು ಕೂಡ ಮಂಗಳಾರತಿ ಹಿಡಿದುಕೊಂಡೇ ತಿರುಗಿದರು.

ರತ್ನಕ್ಕ ಒಳಗಿನಿಂದ ಬಂದರು. "ಯಾರ ಇರ್ಲಿ, ಹೊಸ್ತಲದಾಗ ನಿಂದರಬಾರದ್ರೀ ಯಣ್ಣಾ. ಸತ್ಯನಾರಾಯಣನ ಪ್ರಸಾದ ಬಿಟ್ಟು ಹೋಗಬಾರದು. ಅಡಗಿ ಬೇಕಾದಷ್ಟೈತಿ, ಬರ್ರಿ ಒಳಗ."

"ಅದು ನಿಮ್ ದೊಡ್ಡತನ ತಾಯಿ," ಎಂದರು ಲಕ್ಕಣ್ಣ, ಕೈ ಮುಗಿದು. "ಆದ್ರೆ ನಂಗೆ ಒಂದು ಲೆಕ್ಕ ಬೇಕು. ದಿನ ತಪ್ಪಿರ್ಬೋದು, ಒಪ್ತೀನಿ. ಈ ಆರೂವರೆ ಎಲ್ಲಿಂದ ಬಂತು? ಬೀಗರ ಊಟಾನ ಸಂಜೆ ಆರೂವರೆಗೆ ಇಟ್ಟೋರನ್ನ ನಾನು ಕಂಡಿಲ್ಲ."

ಚನ್ನಕೇಶವ ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಬಹುದಿತ್ತು. ಹೆಂಡತಿಯ ಮೇಲೂ ಹಾಕಬಹುದಿತ್ತು, ಅದಕ್ಕೆ ಬೇರೆ ಧೈರ್ಯ ಬೇಕು.

"ತಪ್ಪು ನಂದೇ ಮಾವ," ಎಂದ. "ನಿಮ್ಮ ಊಟ ನಾಳೆ ಮಧ್ಯಾಹ್ನಾನೇ. ಹಳೇ ತಾರೀಖುಗಳನ್ನ ಹೊಸ ಮಾದರಿಗೆ ತಿರುಗ್ಸೋವಾಗ ನಾನು ಗೊತ್ತಿಲ್ದೆ ಇಂಗ್ಲೆಂಡಿನ ಗಡಿಯಾರ ಇಟ್ಟೆ. ನಮ್ಮ ಭಾನುವಾರ ಹುಟ್ಟೋ ಹೊತ್ತಿಗೆ ಅಲ್ಲಿನ್ನೂ ಶನಿವಾರ ಸಂಜೆ ಆರೂವರೆ. ಅದನ್ನೇ ಮೆಸೇಜ್ ಮಾಡಿ ಕಳಿಸ್ಬಿಟ್ಟೆ. ಅತ್ತೆಗೆ ಇದ್ರಲ್ಲಿ ಏನೂ ಗೊತ್ತಿಲ್ಲ."

ಲಕ್ಕಣ್ಣ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಬೇರೆ ಏನೋ ಮೂಡುತ್ತಿತ್ತು. ಕೈಗಡಿಯಾರ ನೋಡಿಕೊಂಡರು.

"ಅಂದ್ರೆ ಅಲ್ಲಿ ನಮಗಿಂತ ಹಿಂದೆ."

"ಐದೂವರೆ ಗಂಟೆ ಹಿಂದೆ ಮಾವ."

"ನಮಗೆ ಈಗ ಆರೂವರೆ. ಹಂಗಾದ್ರೆ ಆ ಇಂಗ್ಲೆಂಡಲ್ಲಿ ಈಗ ಎಷ್ಟು ಗಂಟೆ?"

ಚನ್ನಕೇಶವ ಬೆರಳು ಮಡಚಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ವಿಶ್ವನಾಥನ ಕಡೆ ನೋಡಿದ, ಅವನು ತಲೆಯಾಡಿಸಿದ.

"ಮಧ್ಯಾಹ್ನ ಒಂದು ಗಂಟೆ ಮಾವ."

ಲಕ್ಕಣ್ಣ ಆಮೇಲೆ ಬಗ್ಗಿ ಚಪ್ಪಲಿ ಬಿಟ್ಟು, ಪಂಚೆ ಕೊಡವಿಕೊಂಡು, ಬೆನ್ನ ಹಿಂದಿನ ಇಪ್ಪತ್ತೇಳು ಜನರ ಕಡೆ ತಿರುಗಿದರು.

"ಸರಿಯಾಗೇ ಬಂದಿದೀವಿ ಕಣ್ರೋ, ಊಟದ ಹೊತ್ತೇ. ನಡೀರಿ, ಕೂತ್ಕಳಿ."